ಮೈರನ್ನನ ಚಕ್ರ ಎಸೆತಗಾರ: ತಲೆ ಎತ್ತ ತಿರುಗಿತ್ತು?

1794ರಲ್ಲಿ ಲಂಡನ್ನಿನ ಪಾರ್ಕ್ ಸ್ಟ್ರೀಟಿನ ಮನೆಯೊಂದಕ್ಕೆ ರೋಮಿನಿಂದ ಒಂದು ಅಮೃತಶಿಲೆಯ ಮೂರ್ತಿ ಬಂದಿಳಿಯಿತು. ಆಳೆತ್ತರದ ಬೆತ್ತಲೆ ತರುಣ. ಮೈಯಿಡೀ ಬಲಗಾಲಿನ ಮೇಲೆ ನಿಂತಿದೆ, ಸೊಂಟದಿಂದ ಮುಂದಕ್ಕೆ ಬಾಗಿದ್ದಾನೆ, ಬಲಗೈಯಲ್ಲಿ ಹಿಡಿದ ಚಕ್ರವನ್ನು ಹಿಂದಕ್ಕೆ ಮೇಲಕ್ಕೆ ಎತ್ತಿದ್ದಾನೆ. ಎಡಗೈ ಬಲ ಮೊಣಕಾಲಿನ ಹತ್ತಿರಕ್ಕೆ ಇಳಿದಿದೆ. ಎಡಗಾಲಿನ ಬೆರಳುಗಳು ಹಿಂದಕ್ಕೆ ಮಡಚಿಕೊಂಡು ನೆಲಕ್ಕೆ ಉಜ್ಜುತ್ತಿವೆ. ಮನೆಯ ಯಜಮಾನ ಚಾರ್ಲ್ಸ್ ಟೌನ್ಲಿ ಇದಕ್ಕೆ ತೆತ್ತದ್ದು 400 ಪೌಂಡ್. ಪ್ರಾಚೀನ ಶಿಲ್ಪಗಳನ್ನು ಕೂಡಿಡುವುದೇ ಆತನ ಬದುಕಾಗಿತ್ತು; ಮನೆಯೇ ಅರ್ಧ ವಸ್ತುಸಂಗ್ರಹಾಲಯ.

ಒಂದೇ ತೊಡಕು. ಮೂರ್ತಿಯ ಮುಖ ಮುಂದಕ್ಕೆ, ನೆಲದ ಕಡೆ ನೋಡುತ್ತಿತ್ತು. ಅದು ಹಿಂದಕ್ಕೆ ತಿರುಗಿ ಚಕ್ರವನ್ನು ನೋಡಬೇಕಿತ್ತು. ಶಿಲ್ಪದ ಮರ್ಮ ಬಲ್ಲ ರಿಚರ್ಡ್ ಪೇನ್ ನೈಟ್ ಇದನ್ನು ಬೇಗನೇ ಎತ್ತಿ ತೋರಿಸಿದ. ಟೌನ್ಲಿ ಜಗ್ಗಲಿಲ್ಲ. ತನ್ನದೇ ಸರಿಯಾದದ್ದು, ರೋಮಿನಲ್ಲಿರುವ ಇದೇ ಭಂಗಿಯ ಇನ್ನೊಂದು ಮೂರ್ತಿಗಿಂತ ತನ್ನದೇ ಮೇಲು ಎಂಬ ನಂಬಿಕೆಯಲ್ಲೇ ಉಳಿದ.

ಮೇಲುನೋಟಕ್ಕೆ ಇದು ಸಿರಿವಂತ ಸಂಗ್ರಾಹಕರ ಹಟದ ಜಗಳ. ನನಗೆ ಇದು ಮುಖ್ಯವಾಗಿ ಕಾಣುವುದು ಬೇರೆ ಕಾರಣಕ್ಕೆ. ಗ್ರೀಕ್ ಶಿಲ್ಪವೆಂದು ಪಠ್ಯಪುಸ್ತಕಗಳಲ್ಲಿ ನಾವು ನೋಡುವ ಚಿತ್ರಗಳಲ್ಲಿ ದೊಡ್ಡ ಪಾಲು ರೋಮನ್ ಕಾಲದ ಅಮೃತಶಿಲೆಗಳದ್ದು. ಅವುಗಳಲ್ಲಿ ಗ್ರೀಕ್ ಶಿಲ್ಪಿಯ ಪಾಲೆಷ್ಟು, ರೋಮನ್ ಕಾರ್ಯಾಗಾರದ ಪಾಲೆಷ್ಟು, ಸಾವಿರದೈನೂರು ವರ್ಷ ಕಳೆದ ಮೇಲೆ ಮುರಿದ ತುಂಡುಗಳನ್ನು ಜೋಡಿಸಿ ಮಾರಿದವರ ಪಾಲೆಷ್ಟು ಎಂದು ಬಿಡಿಸಿ ನೋಡಲು ಈ ಒಂದು ಕತ್ತಿನಷ್ಟು ಒಳ್ಳೆಯ ಜಾಗ ಬೇರೆ ಸಿಗದು.

ಮೊದಲು ಮೂಲದ ಮಾತು. ಚಕ್ರ ಎಸೆತಗಾರನನ್ನು ಮಾಡಿದವನು ಮೈರನ್ ಎಂಬ ಗ್ರೀಕ್ ಶಿಲ್ಪಿ. ಆಟಿಕಾ ಮತ್ತು ಬಿಯೋಷಿಯದ ಗಡಿಯಲ್ಲಿದ್ದ ಎಲ್ಯುಥರೇ ಊರಿನವನು. ಕಾಲ ಸುಮಾರು ಕ್ರಿ.ಪೂ. 460ರಿಂದ 450. ಮಾಧ್ಯಮ ಕಂಚು. ಆ ಕಂಚು ಈಗ ಇಲ್ಲ. ಪ್ರಾಚೀನ ಜಗತ್ತು ಕುಸಿದ ಮೇಲೆ ಕಂಚಿನ ಮೂರ್ತಿಗಳೆಂದರೆ ಕರಗಿಸಲು ಸಿದ್ಧವಾಗಿ ನಿಂತ ಲೋಹ. ಗಂಟೆಗೆ, ಪಾತ್ರೆಗೆ, ಆಯುಧಕ್ಕೆ ಹೋದವು. ಅಮೃತಶಿಲೆಗೂ ಕಷ್ಟ ತಪ್ಪಲಿಲ್ಲ, ಸುಣ್ಣದ ಗೂಡಿಗೆ ಹೋದದ್ದು ಲೆಕ್ಕವಿಲ್ಲದಷ್ಟು. ಆದರೂ ಕಲ್ಲು ಮಣ್ಣಿನಡಿ ಹೆಚ್ಚು ಉಳಿಯಿತು. ಹಾಗಾಗಿ ಮೈರನ್ನನ ಕೈಕೆಲಸವನ್ನು ಕಣ್ಣಾರೆ ಕಂಡವರು ಇವತ್ತು ಯಾರೂ ಇಲ್ಲ; ನೋಡಿರುವುದೆಲ್ಲ ಅವನು ಸತ್ತು ಐನೂರಕ್ಕೂ ಹೆಚ್ಚು ವರ್ಷಗಳ ನಂತರ ಇಟಲಿಯಲ್ಲಿ ಕಡೆದ ಕಲ್ಲುಗಳು.

ಕಲ್ಲುಗಳ ಪೈಕಿ ಮೊದಲು ಹೆಸರು ಮಾಡಿದ್ದು 1781ರ ಮಾರ್ಚಿನಲ್ಲಿ ರೋಮಿನ ಎಸ್ಕ್ವಿಲೀನ್ ಗುಡ್ಡದ ಮೇಲೆ, ವಿಲ್ಲಾ ಪಲೊಂಬಾರಾದಲ್ಲಿ ಸಿಕ್ಕಿದ ಮೂರ್ತಿ. ಜಾಗ ಮಾಸ್ಸಿಮೊ ಮನೆತನದ್ದು. ಮುಂದೆ ಮೂರ್ತಿ ಲಾಂಚೆಲೊಟ್ಟಿ ಅರಮನೆಗೆ ಹೋಗಿ ಆ ಹೆಸರಿನಿಂದಲೇ ಪ್ರಸಿದ್ಧವಾಯಿತು. ಇದರ ವಿಶೇಷವೆಂದರೆ ತಲೆ ಇದರದೇ ಆಗಿತ್ತು, ಅದು ಹಿಂದಕ್ಕೆ ತಿರುಗಿತ್ತು. ಜಿಯೊವಾನಿ ಬಟಿಸ್ಟಾ ವಿಸ್ಕೊಂಟಿ ಎಂಬ ವಿದ್ವಾಂಸ ಇದನ್ನು ನೋಡಿ ಮೈರನ್ನನ ಕೃತಿಯ ಪ್ರತಿ ಎಂದು ಗುರುತಿಸಿದ.

ಗುರುತಿಸಲು ಆಧಾರ ಏನು? ಒಂದು ಹಳೆಯ ಹರಟೆ. ಕ್ರಿ.ಶ. 2ನೇ ಶತಮಾನದ ಲೂಷಿಯನ್ ಎಂಬ ನಗೆಬರಹಗಾರ, ದೆವ್ವಭೂತದ ಕಥೆಗಳನ್ನು ನಂಬುವವರನ್ನು ಗೇಲಿ ಮಾಡಲು ಒಂದು ಸಂಭಾಷಣೆ ಬರೆದಿದ್ದಾನೆ. ಅಥೆನ್ಸಿನ ಶ್ರೀಮಂತನೊಬ್ಬನ ಮನೆ. ಅಂಗಳದಲ್ಲಿರುವ ಒಂದು ಮೂರ್ತಿ ರಾತ್ರಿ ಇಳಿದು ಓಡಾಡುತ್ತದೆ ಎಂದು ಒಬ್ಬ ಹೇಳುತ್ತಾನೆ. ಯಾವ ಮೂರ್ತಿ, ಆ ಚಕ್ರ ಎಸೆಯುವವನೇ ಎಂದು ಇನ್ನೊಬ್ಬ ಕೇಳುತ್ತಾನೆ. ಎಸೆಯುವ ಭಂಗಿಯಲ್ಲಿ ಬಾಗಿರುವವನು, ಚಕ್ರ ಹಿಡಿದ ಕೈಯ ಕಡೆ ಹಿಂತಿರುಗಿರುವವನು, ಒಂದು ಮೊಣಕಾಲನ್ನು ಸ್ವಲ್ಪ ಮಡಚಿರುವವನು, ಎಸೆತದ ಜೊತೆಗೇ ನೆಟ್ಟಗೆ ಏಳುವಂತಿರುವವನು ಎಂದು ವರ್ಣಿಸುತ್ತಾನೆ. ಅಲ್ಲ, ಅದು ಮೈರನ್ನನ ಕೃತಿಗಳಲ್ಲೊಂದು, ನಾನು ಹೇಳುತ್ತಿರುವುದು ಬೇರೆ ಎಂದು ಉತ್ತರ ಬರುತ್ತದೆ.

ಇಡೀ ಗುರುತು ನಿಂತಿರುವುದು ದೆವ್ವದ ಕಥೆಯ ನಡುವೆ ಬಂದ ಈ ಅಡ್ಡಮಾತಿನ ಮೇಲೆ. ಅದೃಷ್ಟ ನೋಡಿ: ತಲೆ ಎತ್ತ ತಿರುಗಿತ್ತು ಎಂಬ ಒಂದು ವಿವರವನ್ನು ಲೂಷಿಯನ್ ಬಿಟ್ಟಿದ್ದರೆ ಟೌನ್ಲಿಯ ವಾದಕ್ಕೂ ನಾವು ಕಿವಿಗೊಡಬೇಕಾಗುತ್ತಿತ್ತು.

ಇನ್ನು ಟೌನ್ಲಿಯ ಮೂರ್ತಿ. ಅದು ಸಿಕ್ಕಿದ್ದು 1790ರ ಸುಮಾರಿಗೆ, ರೋಮಿನ ಹತ್ತಿರದ ಟಿವೊಲಿಯಲ್ಲಿ, ಚಕ್ರವರ್ತಿ ಹೇಡ್ರಿಯನ್ ಕಟ್ಟಿಸಿದ ವಿಶಾಲ ವಿಲ್ಲಾದಲ್ಲಿ. ಅದೇ ಹೊತ್ತಿಗೆ ಅಲ್ಲೇ ಸಿಕ್ಕಿದ ಮತ್ತೊಂದು ಪ್ರತಿ ವ್ಯಾಟಿಕನ್ನಿಗೆ ಹೋಯಿತು. ರೋಮಿನಲ್ಲಿ ನೆಲೆಸಿ, ಲೇವಾದೇವಿಯ ಜೊತೆಗೆ ಹಳೆಯ ಶಿಲ್ಪಗಳ ವ್ಯಾಪಾರ ಮಾಡುತ್ತಿದ್ದ ಇಂಗ್ಲಿಷ್ ಮನುಷ್ಯ ಥಾಮಸ್ ಜೆಂಕಿನ್ಸ್ 1792ರಲ್ಲಿ ಇದನ್ನು ಹರಾಜಿನಲ್ಲಿ ಕೊಂಡ. ದುರಸ್ತಿ ಮಾಡಿದವನು ಕಾರ್ಲೊ ಅಲ್ಬಾಚಿನಿ. ಆ ಕಾಲದ ರೋಮಿನ ಹೆಸರಾಂತ ದುರಸ್ತಿಗಾರರಲ್ಲಿ ಒಬ್ಬ, ಕಚ್ಚಾ ಕೈಯಲ್ಲ.

ಇಲ್ಲಿ ಒಂದು ಪ್ರಶ್ನೆ ಏಳಲೇಬೇಕು. ಲಾಂಚೆಲೊಟ್ಟಿ ಮೂರ್ತಿ ಸಿಕ್ಕಿ ಹತ್ತು ವರ್ಷವಾಗಿತ್ತು, ವಿಸ್ಕೊಂಟಿಯ ಗುರುತು ಎಲ್ಲರ ಬಾಯಲ್ಲಿತ್ತು. ಹಾಗಿದ್ದೂ ಅದೇ ಊರಿನ ನುರಿತ ಕೈ ತಲೆಯನ್ನು ಮುಂದಕ್ಕೆ ಏಕೆ ಕೂರಿಸಿತು? ವ್ಯಾಟಿಕನ್ನಿನ ಪ್ರತಿಯ ತಲೆಯೂ ಹಿಂದಕ್ಕೆ ನೋಡುವುದಿಲ್ಲ. ಮಾಸ್ಸಿಮೊ ಮನೆಯವರು ತಮ್ಮ ಮೂರ್ತಿಯನ್ನು ಯಾರಿಗೂ ಸುಲಭವಾಗಿ ತೋರಿಸುತ್ತಿರಲಿಲ್ಲ ಎಂಬುದು ಒಂದು ಕಾರಣ ಇರಬಹುದು. ನನ್ನ ಊಹೆ ಕತ್ತಿನ ಕಡೆಗೇ ಹೋಗುತ್ತದೆ. ಹಿಂದಕ್ಕೆ ಹೊರಳಿದ ಕತ್ತಿನಲ್ಲಿ ಸ್ನಾಯುಗಳು ಕಿವಿಯ ಹಿಂದಿನಿಂದ ಎದೆಯ ಗುಂಡಿಯವರೆಗೆ ಓರೆಯಾಗಿ ಎಳೆದುಕೊಂಡಿರುತ್ತವೆ. ಆ ಭಾಗವೇ ಒಡೆದು ಹೋಗಿದ್ದರೆ ಹೊಸ ಕಲ್ಲಿನಲ್ಲಿ ಆ ತಿರುವನ್ನು ಕಡೆದು, ಮೇಲೆ ಕೆಳಗೆ ಎರಡೂ ಕಡೆ ಹೊಂದಿಸುವುದು ಬಲು ಕಷ್ಟ. ಮುಂದಕ್ಕೆ ಬಗ್ಗಿಸಿದರೆ ಕೆಲಸ ಹಗುರ. ಎದುರು ನಿಂತು ನೋಡುವ ಗಿರಾಕಿಗೆ ಮುಖವೂ ಕಾಣುತ್ತದೆ. ಮುಖ ಕಾಣದ ಮೂರ್ತಿಗೆ ಆಗ ಬೆಲೆ ಕಡಿಮೆ.

ಆಗಿನ ಪದ್ಧತಿಯನ್ನು ಮರೆತು ಅಲ್ಬಾಚಿನಿಯನ್ನು ಬೈಯುವುದು ನ್ಯಾಯವಲ್ಲ. ಮೂಗು ಮುರಿದ, ಕೈ ಹೋದ ಮೂರ್ತಿಯನ್ನು ಹಾಗೇ ಇಡುವುದು 18ನೇ ಶತಮಾನದ ರೋಮಿನಲ್ಲಿ ಯಾರಿಗೂ ಒಪ್ಪಿಗೆಯಾಗುತ್ತಿರಲಿಲ್ಲ. ಪೂರ್ತಿ ಮಾಡಿಯೇ ಮಾರಬೇಕು. ರೋಮಿನ ಕ್ಯಾಪಿಟೊಲೀನ್ ಸಂಗ್ರಹಾಲಯದಲ್ಲಿ ಗಾಯಗೊಂಡು ಕುಸಿಯುತ್ತಿರುವ ಯೋಧನೊಬ್ಬ ಇದ್ದಾನೆ. ಅವನ ಮುಂಡವನ್ನು ಬಿಟ್ಟು ಉಳಿದದ್ದನ್ನು ಮರೆಮಾಡಿ ನೋಡಿದರೆ ಮೈರನ್ನನ ಎಸೆತಗಾರ ಹೊರಬರುತ್ತಾನೆ. ಆ ಶತಮಾನದ ಆರಂಭದಲ್ಲಿ ಪಿಯೇರ್ ಎಟಿಯೆನ್ ಮೊನ್ನೊ ಎಂಬ ಫ್ರೆಂಚ್ ಶಿಲ್ಪಿ ಆ ಮುಂಡಕ್ಕೆ ಹೊಸ ಕೈ, ಕಾಲು, ತಲೆ ಕೊಟ್ಟು ಯೋಧನನ್ನಾಗಿ ಮಾಡಿದ. ಆಗ ಎಸೆತಗಾರನ ರೂಪವನ್ನೇ ಯಾರೂ ಅರಿಯರು. ತಿರುಚಿದ ಮುಂಡ ಬೀಳುತ್ತಿರುವವನದ್ದೆಂದು ತೋರಿದ್ದು ಸಹಜ. 1770ರ ದಶಕದಲ್ಲಿ ಗ್ಯಾವಿನ್ ಹ್ಯಾಮಿಲ್ಟನ್ ಎಂಬ ಸ್ಕಾಟ್ ಚಿತ್ರಕಾರ-ವ್ಯಾಪಾರಿ ಇನ್ನೊಂದು ಇಂಥದೇ ಮುಂಡವನ್ನು ಟ್ರಾಯ್ ನಗರದಿಂದ ದೇವಿಯ ವಿಗ್ರಹ ಕದ್ದೊಯ್ಯುವ ಡಯೊಮಿಡೀಸ್ ಆಗಿ ಮಾಡಿ ಇಂಗ್ಲೆಂಡಿನ ಲಾರ್ಡ್ ಶೆಲ್ಬರ್ನನಿಗೆ ಮಾರಿದ. ಒಂದೇ ಮೈ, ಮೂರು ವೇಷ. ಅವುಗಳ ಪಕ್ಕದಲ್ಲಿಟ್ಟರೆ ಅಲ್ಬಾಚಿನಿಯದು ಸಣ್ಣ ತಪ್ಪು.

ರುಚಿ ಬದಲಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1803ರಲ್ಲಿ ಲಾರ್ಡ್ ಎಲ್ಗಿನ್ ಅಥೆನ್ಸಿನ ಪಾರ್ಥೆನಾನ್ ದೇಗುಲದ ಶಿಲ್ಪಗಳನ್ನು ದುರಸ್ತಿ ಮಾಡಿಕೊಡಿ ಎಂದು ಕೇಳಿದಾಗ ಆಗಿನ ಅತಿ ದೊಡ್ಡ ಶಿಲ್ಪಿ ಕನೋವಾ ಅವುಗಳಿಗೆ ಉಳಿ ತಾಗಿಸಲು ಒಪ್ಪಲಿಲ್ಲ. ಟೌನ್ಲಿ ತೀರಿಕೊಂಡದ್ದು 1805ರಲ್ಲಿ. ಅದೇ ವರ್ಷ ಅವನ ಶಿಲ್ಪಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂ 20,000 ಪೌಂಡಿಗೆ ಕೊಂಡಿತು. ಎಸೆತಗಾರನೂ ಅದರೊಂದಿಗೆ ಹೋದ, ಮುಂದಕ್ಕೆ ನೋಡುತ್ತಲೇ. ಅವನು ಯಜಮಾನನಿಗೆ ಎಷ್ಟು ಪ್ರಿಯನಾಗಿದ್ದ ಎಂಬುದಕ್ಕೆ ಚಿತ್ರಸಾಕ್ಷಿ ಇದೆ. ಯೋಹಾನ್ ಝೊಫಾನಿ 1780ರ ದಶಕದ ಆರಂಭದಲ್ಲಿ ಟೌನ್ಲಿ ಮತ್ತು ಗೆಳೆಯರನ್ನು ಮೂರ್ತಿಗಳ ನಡುವೆ ಕೂರಿಸಿ ಒಂದು ಚಿತ್ರ ಬರೆದಿದ್ದ. ಮುಗಿದು ವರ್ಷಗಟ್ಟಲೆ ಆಗಿದ್ದ ಆ ಚಿತ್ರದ ಮುಂಭಾಗದಲ್ಲಿ 1798ರಲ್ಲಿ ಎಸೆತಗಾರನನ್ನು ಹೊಸದಾಗಿ ಸೇರಿಸಲಾಯಿತು.

ಇಷ್ಟು ದುರಸ್ತಿಗಾರರ ಪಾಲು. ರೋಮನ್ ಕಾರ್ಯಾಗಾರದ ಪಾಲು ಇದಕ್ಕಿಂತ ಸ್ವಾರಸ್ಯದ್ದು.

ಕಂಚಿನ ಮೂರ್ತಿ ಒಳಗೆ ಟೊಳ್ಳು. ಮೇಣದ ಅಚ್ಚಿನಿಂದ ಬಿಡಿಬಿಡಿಯಾಗಿ ಎರಕ ಹೊಯ್ದು ಬೆಸೆದದ್ದು. ಲೋಹ ಎಳೆತವನ್ನು ತಾಳುತ್ತದೆ, ಪಾದದ ಒಳಗೆ ಸೀಸ ಹೊಯ್ದು ಪೀಠಕ್ಕೆ ಬಿಗಿದರೆ ಇಡೀ ಮೈ ಒಂಟಿ ಕಾಲಿನ ಮೇಲೆ ನಿಲ್ಲುತ್ತದೆ. ಅಮೃತಶಿಲೆ ಮೇಲಿನಿಂದ ಬೀಳುವ ಭಾರವನ್ನು ಎಷ್ಟಾದರೂ ಹೊರುತ್ತದೆ, ಎಳೆತಕ್ಕೆ ಮಾತ್ರ ಸೋಲುತ್ತದೆ. ಮೈರನ್ನನ ಭಂಗಿಯನ್ನು ಕಲ್ಲಿಗೆ ಇಳಿಸಿದರೆ ಭಾರವೆಲ್ಲ ಕಣಕಾಲಿನ ಸಣ್ಣ ಜಾಗಕ್ಕೆ ಬಂದು ಅಲ್ಲೇ ಮುರಿಯುತ್ತದೆ. ಹಾಗಾಗಿ ಕಾಲಿನ ಹಿಂದೆ ಒಂದು ಮರದ ಬೊಡ್ಡೆ ಎದ್ದಿದೆ. ಮೈದಾನದಲ್ಲಿ ಚಕ್ರ ಎಸೆಯುವವನ ತೊಡೆಗೆ ತಾಗಿಕೊಂಡು ಬೊಡ್ಡೆ ಏಕೆ ಇರಬೇಕು? ಅದಕ್ಕೆ ಕಥೆಯಿಲ್ಲ, ಕೆಲಸ ಮಾತ್ರ ಇದೆ.

ಈ ಬೊಡ್ಡೆಯನ್ನು ನೋಡುವವರು ಕಡಿಮೆ, ಮನಸ್ಸಿನಲ್ಲೇ ಅಳಿಸಿಬಿಡುತ್ತಾರೆ. ನಿಂತು ನೋಡಬೇಕಾದದ್ದು ಅದನ್ನೇ. ಮೂಲದಲ್ಲಿ ಮಡಚಿದ ಎರಡು ಕಾಲುಗಳ ನಡುವೆ ಬರಿದಾದ ಜಾಗ ಇತ್ತು. ಆ ಬರಿದಿನಿಂದಲೇ ಮೈ ಗಾಳಿಯಲ್ಲಿ ತಿರುಗುವಂತೆ ಕಾಣುತ್ತಿದ್ದಿರಬೇಕು. ಕಲ್ಲಿನಲ್ಲಿ ಆ ಜಾಗ ತುಂಬಿಹೋಗಿದೆ. ಮೈರನ್ನನ ಲೆಕ್ಕಾಚಾರದಲ್ಲಿ ಅತಿ ಹೆಚ್ಚು ಹಾನಿಯಾದದ್ದು ಇಲ್ಲಿ, ತಲೆಯಲ್ಲಿ ಅಲ್ಲ ಎಂದು ನನಗನಿಸುತ್ತದೆ. ತಲೆ ತಪ್ಪಾದರೆ ತಪ್ಪೆಂದು ಹೇಳಲು ಲೂಷಿಯನ್ ಇದ್ದಾನೆ. ಬೊಡ್ಡೆಯ ಬಗ್ಗೆ ದೂರು ಕೊಡುವವರಿಲ್ಲ.

ಅಥೆನ್ಸಿನ ಕಂಚು ಇಟಲಿಯ ಕಲ್ಲಾಗುವುದು ಹೇಗೆ? ಇದಕ್ಕೂ ಲೂಷಿಯನ್ ಒಂದು ನಗೆಯ ಸಾಕ್ಷಿ ಬಿಟ್ಟಿದ್ದಾನೆ. ಅಥೆನ್ಸಿನ ಪೇಟೆಯಲ್ಲಿದ್ದ ಹರ್ಮೀಸನ ಕಂಚಿನ ವಿಗ್ರಹಕ್ಕೆ ಶಿಲ್ಪಿಗಳು ದಿನವೂ ಬಂದು ಅಚ್ಚು ತೆಗೆಯುತ್ತಿದ್ದರಂತೆ. ದೇವರ ಮೈಗೆಲ್ಲ ರಾಳ ಮೆತ್ತಿಕೊಂಡಿರುತ್ತಿತ್ತಂತೆ. 1954ರಲ್ಲಿ ನೇಪಲ್ಸ್ ಹತ್ತಿರದ ಬಾಯೇ ಎಂಬಲ್ಲಿ, ರೋಮನ್ ಸ್ನಾನಗೃಹಗಳ ನೆಲಮಾಳಿಗೆಯೊಂದರಲ್ಲಿ, ನೂರಾರು ಪ್ಲಾಸ್ಟರ್ ಚೂರುಗಳು ಸಿಕ್ಕಾಗ ಆ ನಗೆಮಾತಿಗೆ ನೆಲದಿಂದಲೇ ಪುರಾವೆ ಬಂತು. ಗ್ರೀಕ್ ಕಂಚುಗಳಿಂದ ತೆಗೆದ ಅಚ್ಚಿನ ಪ್ರತಿರೂಪಗಳು ಅವು. ಅವುಗಳಲ್ಲಿ ಅಥೆನ್ಸಿನ ಸರ್ವಾಧಿಕಾರಿಯ ತಮ್ಮನನ್ನು ಕೊಂದ ಜೋಡಿಯಲ್ಲಿ ಒಬ್ಬನಾದ ಅರಿಸ್ಟೊಗೈಟನ್ನನ ಮುಖದ ತುಂಡೂ ಇದೆ. ಕಂಚಿನ ಮೂರ್ತಿಗಳಿಗೆ ರೆಪ್ಪೆಗೂದಲನ್ನು ತೆಳು ಲೋಹದಲ್ಲಿ ಬೇರೆಯೇ ಮಾಡಿ ಕೂರಿಸುತ್ತಿದ್ದರು; ಅಚ್ಚು ತೆಗೆಯುವಾಗ ಅದು ಮುರಿಯದಂತೆ ಮೆತ್ತಗೆ ಮುಚ್ಚಿದ್ದರ ಗುರುತು ಆ ಪ್ಲಾಸ್ಟರಿನ ಕಣ್ಣಂಚಿನಲ್ಲಿ ಇನ್ನೂ ಕಾಣುತ್ತದೆ. ಪ್ಲಾಸ್ಟರ್ ರೂಪ ಕೈಯಲ್ಲಿದ್ದರೆ ಅದರ ಮೇಲಿನ ಮುಖ್ಯ ಬಿಂದುಗಳನ್ನು ಅಳೆದು, ಅಷ್ಟೇ ಆಳಕ್ಕೆ ಕಲ್ಲನ್ನು ಕೊರೆದು, ನಡುವಿನದನ್ನು ಉಳಿಯಿಂದ ತೆಗೆಯುವುದು ಒಳ್ಳೆಯ ಕುಶಲಿಗನಿಗೆ ಸಾಧ್ಯವಿದ್ದ ಕೆಲಸ.

ಹಾಗಾದರೆ ಇವೆಲ್ಲ ಯಾಂತ್ರಿಕ ನಕಲುಗಳೇ? 19ನೇ ಶತಮಾನದ ಜರ್ಮನ್ ವಿದ್ವಾಂಸರು, ಮುಖ್ಯವಾಗಿ ಆಡೊಲ್ಫ್ ಫುರ್ಟ್‌ವೆಂಗ್ಲರ್, ಹೆಚ್ಚುಕಡಿಮೆ ಹಾಗೆಂದೇ ಹೊರಟರು. ಪ್ರತಿಗಳನ್ನೆಲ್ಲ ಪಕ್ಕಪಕ್ಕ ಇಟ್ಟು, ಎಲ್ಲದರಲ್ಲೂ ಇರುವುದನ್ನು ಮೂಲದ್ದೆಂದು ಉಳಿಸಿಕೊಂಡು, ಒಂದರಲ್ಲಿ ಮಾತ್ರ ಇರುವುದನ್ನು ಪ್ರತಿಕಾರನದೆಂದು ಕಳೆಯುತ್ತ ಹೋದರೆ ಕಳೆದುಹೋದ ಕಂಚು ಕೈಗೆ ಸಿಗುತ್ತದೆ ಎಂಬುದು ಅವರ ದಾರಿ. ಹಸ್ತಪ್ರತಿಗಳನ್ನು ಹೋಲಿಸಿ ಹಳಗನ್ನಡ ಕಾವ್ಯದ ಶುದ್ಧಪಾಠ ಕಟ್ಟುವವರಿಗೆ ಈ ದಾರಿ ಹೊಸದಾಗಿ ಕಾಣದು. ಎಸೆತಗಾರನ ವಿಷಯದಲ್ಲಿ ಇದು ಚೆನ್ನಾಗಿಯೇ ಫಲ ಕೊಟ್ಟಿತು. 1906ರಲ್ಲಿ ರೋಮಿನ ಹೊರಗೆ, ಕಾಸ್ಟೆಲ್‌ಪೊರ್ಝಿಯಾನೊದ ರಾಜಮನೆತನದ ಬೇಟೆಕಾಡಿನಲ್ಲಿ, ತಲೆಯಿಲ್ಲದ ಆದರೆ ಕಡೆತ ಬಹಳ ಚುರುಕಾದ ಇನ್ನೊಂದು ಮುಂಡ ಸಿಕ್ಕಿತು. ಇಟಲಿಯ ವಿದ್ವಾಂಸ ಜೂಲಿಯೊ ಎಮಾನುಯೆಲೆ ರಿಟ್ಸೊ ಆ ಮುಂಡಕ್ಕೆ ಲಾಂಚೆಲೊಟ್ಟಿಯ ತಲೆ, ಫ್ಲಾರೆನ್ಸಿನ ಕಾಸಾ ಬುವೊನಾರೊಟಿಯಲ್ಲಿದ್ದ ತೋಳು, ಬ್ರಿಟಿಷ್ ಮ್ಯೂಸಿಯಂ ಮೂರ್ತಿಯ ಪಾದ, ಇವುಗಳ ಅಚ್ಚುಗಳನ್ನು ಸೇರಿಸಿ ಪ್ಲಾಸ್ಟರಿನಲ್ಲಿ ಒಂದು ಪೂರ್ತಿ ರೂಪ ಕಟ್ಟಿದ. ಟೌನ್ಲಿಯ ಮೂರ್ತಿಯಿಂದ ಪಾದ ಬಂತು, ತಲೆ ಬರಲಿಲ್ಲ. ತಕರಾರಿನ ತೀರ್ಪು ಅಲ್ಲಿಗೆ ಲಿಖಿತವಾದಂತಾಯಿತು.

ಈ ದಾರಿಯಿಂದ ಮೈರನ್ನನ ಬಗ್ಗೆ ನಂಬಿ ಹೇಳಬಹುದಾದದ್ದು ಎಷ್ಟು? ಭಂಗಿ, ಹೌದು. ಎದೆ ನೋಡುಗನ ಕಡೆ, ತಲೆ ಮತ್ತು ಕಾಲುಗಳು ಪಕ್ಕಕ್ಕೆ. ಇಡೀ ರೂಪ ಒಂದೇ ದಿಕ್ಕಿನಿಂದ ನೋಡಲೆಂದು ಹರಡಿದ್ದು. ಬದಿಗೆ ಹೋಗಿ ನಿಂತರೆ ಮೈ ಚಪ್ಪಟೆಯಾಗಿ, ಅರ್ಥವಾಗದಂತೆ ಕಾಣುತ್ತದೆ. ಕೂದಲನ್ನೂ ನಂಬಬಹುದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸ್ಫೋಟದಲ್ಲಿ ಸತ್ತ ರೋಮನ್ ಲೇಖಕ ಪ್ಲಿನಿ, ಮೈರನ್ ದೇಹದಲ್ಲಿ ಆಸ್ಥೆ ತೋರಿದ, ಮನಸ್ಸಿನ ಭಾವ ತೋರಿಸಲಿಲ್ಲ, ಕೂದಲನ್ನು ಹಳೆಯ ಒರಟು ಕಾಲದವರಂತೆಯೇ ಬಿಟ್ಟ ಎಂದು ಆಕ್ಷೇಪಿಸಿದ್ದ. ಲಾಂಚೆಲೊಟ್ಟಿ ತಲೆಯನ್ನು ಹತ್ತಿರದಿಂದ ನೋಡಿ. ಕೂದಲು ಬುರುಡೆಗೆ ಅಂಟಿದ ಸಣ್ಣ ಸುರುಳಿಗಳಷ್ಟೇ, ಎದ್ದು ನಿಲ್ಲುವುದೇ ಇಲ್ಲ. ಮುಖ ತಣ್ಣಗಿದೆ, ಮೈಯ ಒಂದೊಂದು ಸ್ನಾಯುವೂ ಬಿಗಿದಿರುವಾಗ ಹುಬ್ಬು ಕೂಡ ಗಂಟಿಕ್ಕಿಲ್ಲ. ಪ್ಲಿನಿಯ ದೂರು ಇಲ್ಲಿ ನಮಗೆ ಗುರುತಿನ ಚೀಟಿ. ಕ್ವಿಂಟಿಲಿಯನ್ ಇದಕ್ಕೆ ಬೇರೆ ಮಾತು ಸೇರಿಸಿದ: ಇಷ್ಟು ತಿರುಚಿದ, ಇಷ್ಟು ಪ್ರಯಾಸದ ಭಂಗಿ ಇನ್ನೊಂದಿಲ್ಲ, ಆದರೆ ನೆಟ್ಟಗೆ ನಿಂತಿಲ್ಲವೆಂದು ಇದನ್ನು ಹಳಿಯುವವನಿಗೆ ಕಲೆಯೇ ತಿಳಿಯದು, ಏಕೆಂದರೆ ಆ ಹೊಸತನ ಮತ್ತು ಕಷ್ಟವೇ ಇಲ್ಲಿ ಮೆಚ್ಚಬೇಕಾದದ್ದು. ಭಾಷಣಕಲೆ ಕಲಿಸುವ ಮೇಷ್ಟ್ರು ಹೇಳಿದ ಮಾತಿದು. ಇವತ್ತಿಗೂ ಆ ಮೂರ್ತಿಯ ಬಗ್ಗೆ ಬಂದ ಅತಿ ಒಳ್ಳೆಯ ಒಂದು ಸಾಲು.

ಮೈಬಣ್ಣ, ಕಣ್ಣಿನ ಹೊಳಪು, ಲೋಹದ ಮೇಲೆ ಬೆಳಕು ಜಾರುವ ರೀತಿ, ಇವು ಹೋದವು. ಎಷ್ಟು ಪ್ರತಿ ಹೋಲಿಸಿದರೂ ಬರುವುದಿಲ್ಲ.

ಈ ದಾರಿಯ ದೊಡ್ಡ ಕುರುಡು ಬೇರೆ ಇದೆ. ಪ್ರತಿಗಳನ್ನು ಮೂಲಕ್ಕೆ ಏಣಿಯಾಗಿಯಷ್ಟೇ ನೋಡಿದರೆ, ದುಡ್ಡು ಕೊಟ್ಟು ಅವನ್ನು ಮಾಡಿಸಿಕೊಂಡ ರೋಮನರು ಕಣ್ಣಿಗೇ ಬೀಳುವುದಿಲ್ಲ. ಕಳೆದ ನಾಲ್ಕೈದು ದಶಕಗಳಲ್ಲಿ ಬ್ರೂನಿಲ್ಡೆ ರಿಜ್ವೇ, ಮಿರಾಂಡಾ ಮಾರ್ವಿನ್ ಮುಂತಾದ ವಿದ್ವಾಂಸರು ಕೇಳಿದ ಪ್ರಶ್ನೆ ಇದೇ: ಕೊಂಡವನಿಗೆ ಬೇಕಾಗಿದ್ದದ್ದು ಏನು? ರೋಮನ್ ರಾಜಕಾರಣಿ, ವಾಗ್ಮಿ ಸಿಸೆರೊನ ಪತ್ರಗಳು ಇದಕ್ಕೆ ಕನ್ನಡಿ ಹಿಡಿದಂತಿವೆ. ಕ್ರಿ.ಪೂ. 67ರ ಸುಮಾರಿಗೆ ಅವನು ಅಥೆನ್ಸಿನಲ್ಲಿದ್ದ ಗೆಳೆಯ ಅಟಿಕಸ್‌ಗೆ, ರೋಮಿನ ಹತ್ತಿರದ ಟಸ್ಕ್ಯುಲಮ್ಮಿನ ತನ್ನ ಮನೆಯ ವ್ಯಾಯಾಮ ಅಂಗಳಕ್ಕೆ ತಕ್ಕ ಮೂರ್ತಿಗಳನ್ನು ಕಳಿಸು ಎಂದು ಮತ್ತೆ ಮತ್ತೆ ಬರೆಯುತ್ತಾನೆ. ಗ್ರೀಸಿನ ಮೆಗಾರಾದ ಮೂರ್ತಿಗಳಿಗೆ 20,400 ಸೆಸ್ಟರ್ಸ್ (ರೋಮನ್ ನಾಣ್ಯ) ಕೊಟ್ಟೆನೆಂದು ಲೆಕ್ಕ ಒಪ್ಪಿಸುತ್ತಾನೆ. ಶಿಲ್ಪಿ ಯಾರು, ಮೂಲವೋ ಪ್ರತಿಯೋ ಎಂಬ ಮಾತೇ ಇಲ್ಲ. ಜಾಗಕ್ಕೆ ಒಪ್ಪಬೇಕು, ಅಷ್ಟೇ. ಇನ್ನೊಬ್ಬ ಗೆಳೆಯ ಕೇಳದೆಯೇ ಕುಣಿಯುವ, ಮದ್ಯದ ದೇವರು ಬ್ಯಾಕಸನ ಭಕ್ತೆಯರ ಮೂರ್ತಿಗಳನ್ನೂ ಯುದ್ಧದೇವತೆ ಮಾರ್ಸ್‌ನ ಒಂದು ಮೂರ್ತಿಯನ್ನೂ ಕೊಂಡಾಗ ಸಿಸೆರೊ ಗೊಣಗುತ್ತಾನೆ: ಕಲಾದೇವಿಯರಾದರೆ ಗ್ರಂಥಾಲಯಕ್ಕೆ ಒಪ್ಪುತ್ತಿತ್ತು, ಇವರಿಗೆ ನನ್ನ ಮನೆಯಲ್ಲಿ ಜಾಗವೆಲ್ಲಿ? ಶಾಂತಿಯ ಪರ ವಾದಿಸುವ ನನಗೆ ಮಾರ್ಸ್ ಏಕೆ?

ಇದನ್ನು ಓದಿದ ಮೇಲೆ ಲೂಷಿಯನ್ನನ ದೆವ್ವದ ಮನೆಗೆ ಮತ್ತೊಮ್ಮೆ ಹೋಗಿ ನೋಡಿ. ಖಾಸಗಿ ಮನೆಯ ಅಂಗಳದಲ್ಲಿರುವ ಮೂರ್ತಿಯನ್ನು ಮಾತುಗಾರ ಸಲೀಸಾಗಿ ಮೈರನ್ನನ ಕೃತಿ ಎನ್ನುತ್ತಾನೆ. ಅದು ಪ್ರತಿ ಎಂದು ಸೇರಿಸುವ ಅಗತ್ಯ ಅವನಿಗೂ ಕಾಣುವುದಿಲ್ಲ, ಕೇಳುವವನಿಗೂ ಕಾಣುವುದಿಲ್ಲ. ಲಾಂಚೆಲೊಟ್ಟಿ, ಟೌನ್ಲಿ ಮೂರ್ತಿಗಳನ್ನು ಕಡೆದದ್ದೂ ಅದೇ 2ನೇ ಶತಮಾನದಲ್ಲಿ. ಹೇಡ್ರಿಯನ್ನನ ವಿಲ್ಲಾದಲ್ಲಿ ಒಂದೇ ಭಂಗಿಯ ಕನಿಷ್ಠ ಎರಡು ಮೂರ್ತಿಗಳಿದ್ದವು ಎಂಬುದೂ ಇಲ್ಲಿ ಅರ್ಥ ಪಡೆಯುತ್ತದೆ. ಅಪೂರ್ವ ಮೂಲವೊಂದರ ಬದಲಿಗೆ ಇಟ್ಟದ್ದಾದರೆ ಒಂದು ಸಾಕಿತ್ತು. ಎರಡಿವೆಯೆಂದರೆ ಕಟ್ಟಡದ ವಿನ್ಯಾಸವೇ ಅವನ್ನು ಕೇಳಿರಬೇಕು.

ಲಾಂಚೆಲೊಟ್ಟಿ ಮೂರ್ತಿಯ ಮುಂದಿನ ಗತಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಅದು ರಾಜಕೀಯದ ಕಥೆ. 1938ರಲ್ಲಿ ಹಿಟ್ಲರ್ ಇದನ್ನು 50 ಲಕ್ಷ ಲೀರಾಗೆ ಕೊಂಡ. ಇಟಲಿಯ ಶಿಕ್ಷಣ ಸಚಿವ ಬೊಟ್ಟಾಯಿ ಮತ್ತು ವಿದ್ವಾಂಸರು ವಿರೋಧಿಸಿದರೂ ವಿದೇಶಾಂಗ ಸಚಿವ ಚಿಯಾನೊ ದಾರಿ ಬಿಡಿಸಿದ. ಮ್ಯೂನಿಕ್ಕಿನ ಗ್ಲಿಪ್ಟೊಥೆಕ್ ಶಿಲ್ಪಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು. ಗ್ರೀಕ್ ದೇಹವೇ ಜರ್ಮನ್ ದೇಹದ ಪೂರ್ವಜ ಎಂದು ಸಾರಲು ಆರಿಸಿಕೊಂಡ ಈ ವಸ್ತು ಇಟಲಿಯ ಯಾವನೋ ರೋಮನ್ ಗಿರಾಕಿಗಾಗಿ ಕಡೆದ ಕಲ್ಲು ಎಂಬುದನ್ನು ನೆನೆದರೆ ನಗು ಬರುತ್ತದೆ. 1948ರಲ್ಲಿ ಮೂರ್ತಿ ಇಟಲಿಗೆ ಮರಳಿತು, ಈಗ ರೋಮಿನ ಪಲಾಝೊ ಮಾಸ್ಸಿಮೊ ವಸ್ತುಸಂಗ್ರಹಾಲಯದಲ್ಲಿದೆ. ಅದೇ 1948ರ ಲಂಡನ್ ಒಲಿಂಪಿಕ್ಸ್ ಭಿತ್ತಿಚಿತ್ರದಲ್ಲಿ ಪಾರ್ಲಿಮೆಂಟಿನ ಗಡಿಯಾರ ಗೋಪುರದ ಮುಂದೆ ಕಾಣಿಸಿಕೊಂಡವನೂ ಚಕ್ರ ಎಸೆತಗಾರನೇ.

ಉಳಿದದ್ದು ಬ್ರಿಟಿಷ್ ಮ್ಯೂಸಿಯಮ್ಮಿನ ತಲೆ. ತಪ್ಪೆಂದು ಮ್ಯೂಸಿಯಮ್ಮೇ ಹೇಳುತ್ತದೆ, ಆದರೂ ಅದು ಹಾಗೇ ಇದೆ. ತೆಗೆದು ಸರಿಯಾಗಿ ತಿರುಗಿಸಬಾರದೇಕೆ ಎಂದು ಕೇಳುವವರಿದ್ದಾರೆ. ಬೇಡ ಎಂಬುದು ನನ್ನ ಪಕ್ಷ. ತಿರುಗಿಸಬೇಕೆಂದರೆ ಕತ್ತನ್ನು ಮತ್ತೆ ಹೊಸದಾಗಿ ಕಡೆಯಬೇಕು. ಅಲ್ಬಾಚಿನಿಯ ಊಹೆಯ ಜಾಗದಲ್ಲಿ ನಮ್ಮ ಊಹೆ ಕೂರುತ್ತದೆ. ಸರಿಯಾದ ತಿರುವು ಬೇಕಾದವರಿಗೆ ರೋಮಿನ ಮೂರ್ತಿ ಇದೆ, ರಿಟ್ಸೊನ ಪ್ಲಾಸ್ಟರ್ ಇದೆ. 1790ರ ದಶಕದ ದುರಸ್ತಿಗಾರನೊಬ್ಬ ಒಂದು ಗ್ರೀಕ್ ಭಂಗಿಯನ್ನು ಹೇಗೆ ಓದಿದ ಎಂಬುದಕ್ಕೆ ಲಂಡನ್ನಿನ ಕತ್ತಿನಷ್ಟು ನೇರವಾದ ದಾಖಲೆ ಅಪರೂಪ. ಮ್ಯೂಸಿಯಂ ಮಾಡಬೇಕಾದದ್ದೇನಾದರೂ ಇದ್ದರೆ, ಕಲ್ಲಿನಲ್ಲಿ ಯಾವುದು 2ನೇ ಶತಮಾನದ್ದು, ಯಾವುದು 18ನೇ ಶತಮಾನದ್ದು ಎಂದು ಜೋಡಣೆಯ ಗೆರೆಗಳನ್ನು ತೋರಿಸುವ ಒಂದು ಚಿತ್ರವನ್ನು ಮೂರ್ತಿಯ ಪಕ್ಕದಲ್ಲೇ, ಕಣ್ಣಿನೆತ್ತರಕ್ಕೆ ಹಾಕಿಸುವುದು.